ಪಂಪು ಮುಟ್ಟಲಿಲ್ಲ

ನಮ್ಮ ಕ್ರೈಸ್ತ ಸಭೆಯ ಸ್ಮರಣ ಸಂಚಿಕೆಯ ಎಪ್ಪತ್ತೆರಡನೆಯ ಪುಟದಲ್ಲಿ ಹಬೆಯಪ್ಪನವರನ್ನು ಕುರಿತು ಮೂರು ಸಾಲು ಅಚ್ಚಾಗಿದೆ. ಆ ಮೂರು ಸಾಲಿನಲ್ಲಿ ಐದು ತಪ್ಪುಗಳಿವೆ. "ಜವಳಿ ಗಿರಣಿಯಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು, ಸಭೆಯ ಹಿರಿಯರಾಗಿ ಸೇವೆ ಸಲ್ಲಿಸಿ, ದೇವರಲ್ಲಿ ಭಯಭಕ್ತಿಯಿಟ್ಟು ಬಾಳಿದವರು" ಎಂದು ಅಲ್ಲಿ ಬರೆಯಲಾಗಿದೆ. ಅವರು ದುಡಿದದ್ದು ಗಿರಣಿಯಲ್ಲಲ್ಲ, ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ನಲವತ್ತು ವರ್ಷವಲ್ಲ, ಮೂವತ್ತಾರು ವರ್ಷ ಎರಡು ತಿಂಗಳು. ಮೆಕ್ಯಾನಿಕ್ ಅಲ್ಲ, ಬಾಯ್ಲರ್ ಅಟೆಂಡೆಂಟ್. ಈ ಎರಡರ ನಡುವೆ ಅಡುಗೆಯವನಿಗೂ ಪಾತ್ರೆ ಮಾಡುವವನಿಗೂ ಇರುವಷ್ಟು ಅಂತರವಿದೆ. ಹಿರಿಯರ ಮಂಡಳಿಗೆ ಅವರನ್ನು ಎರಡು ಸಲ ಕರೆದದ್ದೂ, ಎರಡು ಸಲವೂ ಅವರು "ನನಗೆ ಬೆಂಚಿನ ತುದಿ ಸಾಕು" ಎಂದು ನುಣುಚಿಕೊಂಡದ್ದೂ ಮಂಡಳಿಯ ನಡಾವಳಿಯಲ್ಲಿಯೇ ದಾಖಲಾಗಿದೆ. ಭಾವಚಿತ್ರವೊಂದು ಮಾತ್ರ ಅವರದೇ.

ಇವು ನಾಲ್ಕು. ಐದನೆಯದು ಅರ್ಧ ಪದದ ತಪ್ಪು. ಸಂಪಾದಕರಾದ ಯುವಕರ ಬಳಿ ನಾನು ಅದನ್ನು ಪ್ರಸ್ತಾಪಿಸಿದಾಗ ಅವರು ಫೋನಿನಿಂದ ತಲೆಯೆತ್ತದೆ, "ಅಂಕಲ್, ಭಯಭಕ್ತಿ ಅಂತ ಎಲ್ಲರಿಗೂ ಹಾಕ್ತೀವಿ. ಅದು ಮಾಮೂಲಿ" ಎಂದರು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿಯನ್ನು ಯಾರೂ ದರ್ಜಿ ಎನ್ನುವುದಿಲ್ಲ. ಹಬೆಯಪ್ಪನವರು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಅವರ ಜೀವನವನ್ನು ಹೀಗೆ ತಪ್ಪಾಗಿ ಬರೆದಿಟ್ಟರೆ, ಮುಂದೆ ತಿದ್ದುವವರು ಯಾರು? ಆದುದರಿಂದ ನಾನು ಕಣ್ಣಾರೆ ಕಂಡದ್ದನ್ನೂ ನನ್ನ ಡೈರಿಗಳಲ್ಲಿ ಇರುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಾಯ್ಲರ್ ಇನ್ಸ್‌ಪೆಕ್ಟರ್ ಆಗಿದ್ದವನು. ನಿವೃತ್ತನಾಗಿ ಇಪ್ಪತ್ಮೂರು ವರ್ಷವಾಯಿತು. ಹಬೆಯಿಂದ ನಡೆಯುವ ಯಾವುದೇ ಕಾರ್ಖಾನೆಯಾಗಲಿ ಆಸ್ಪತ್ರೆಯಾಗಲಿ, ನನ್ನ ಸಹಿಯಿಲ್ಲದೆ ಅಲ್ಲಿನ ಒಲೆಗೆ ಕಡ್ಡಿ ಗೀರುವಂತಿರಲಿಲ್ಲ. ಕೆಂಪು ಶಾಯಿಯಲ್ಲಿ ಬರೆಯುವ ಅಭ್ಯಾಸವಿದ್ದುದರಿಂದ ಬೆನ್ನ ಹಿಂದೆ ನನ್ನನ್ನು "ಕೆಂಪು ಶಾಯಿ" ಎಂದು ಕರೆಯುತ್ತಿದ್ದರು. ಆ ಸಂಗತಿ ನನಗೆ ತಿಳಿಯದೆಂದು ಅವರು ತಿಳಿದಿದ್ದರು.

ಈ ಕೆಲಸವನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಬಾಯ್ಲರ್ ಎಂದರೆ ಒಂದು ದೊಡ್ಡ ಉಕ್ಕಿನ ಹಂಡೆ; ಕೆಳಗೆ ಬೆಂಕಿ, ಒಳಗೆ ನೀರು. ಒಳಗಿನ ನೀರು ಎಷ್ಟಿದೆಯೆಂದು ತೋರಿಸಲು ಹೊರಗೆ ಒಂದು ಗಾಜಿನ ಕೊಳವೆಯಿರುತ್ತದೆ. ಅಟೆಂಡೆಂಟ್ ಆದವನು ಕಣ್ಣಿಡಬೇಕಾದದ್ದು ಬೆಂಕಿಯ ಮೇಲಲ್ಲ, ಆ ಗಾಜಿನ ಮೇಲೆ. ಬೆಂಕಿ ಹೆಚ್ಚಾಗಿ ಬಾಯ್ಲರ್ ಒಡೆಯುವುದು ಅಪರೂಪ. ನೀರು ಕಡಿಮೆಯಾಗಿ ಒಡೆಯುವುದೇ ಹೆಚ್ಚು. ಗಾಜಿನಲ್ಲಿ ನೀರು ಕಾಣದೆ ಹೋದರೆ ಅದರರ್ಥ ಒಳಗಿನ ಉಕ್ಕು ಬರಿದಾಗಿ ಕಾದು ಕೆಂಪಾಗುತ್ತಿದೆ ಎಂದು. ಆಗ ಮಾಡಬಾರದ ಕೆಲಸ ಒಂದೇ ಒಂದು: ಪಂಪು ಹಾಕಿ ತಣ್ಣೀರು ಬಿಡುವುದು. ಬಿಟ್ಟರೆ ಆ ನೀರು ಕಣ್ಣು ಮಿಟುಕಿಸುವುದರೊಳಗೆ ಹಬೆಯಾಗಿ, ಹಂಡೆ ಸಿಡಿದು, ಗೋಡೆ ಸಮೇತ ಹಾರಿಹೋಗುತ್ತದೆ. ಹೆದರಿದವನು ಮೊದಲು ಮಾಡುವ ಕೆಲಸವೂ ಅದೇ. ತಪ್ಪು ಯಾರ ಕಣ್ಣಿಗೂ ಬೀಳುವ ಮೊದಲು ಗಾಜನ್ನು ತುಂಬಿಸಿಬಿಡೋಣ ಎಂದು ಅವನ ಕೈ ಪಂಪಿನ ಕಡೆಗೆ ಓಡುತ್ತದೆ. ನನ್ನ ಸೇವಾವಧಿಯಲ್ಲಿ ನಾನು ತನಿಖೆ ಮಾಡಿದ ಒಂಬತ್ತು ಸ್ಫೋಟಗಳಲ್ಲಿ ಏಳು ಹೀಗೆಯೇ ಆದವು.

ಪ್ರತಿ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನೂ ಒತ್ತಡವನ್ನೂ ಲಾಗ್ ಬುಕ್ಕಿನಲ್ಲಿ ಬರೆಯಬೇಕೆಂಬುದು ನಿಯಮ. ನಾನು ನೋಡಿದ ಲಾಗ್ ಬುಕ್ಕುಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲಿಯೂ ನೀರು ಅರ್ಧ ಗಾಜು, ಒತ್ತಡ ಏಳು; ನೀರು ಅರ್ಧ ಗಾಜು, ಒತ್ತಡ ಏಳು. ವರ್ಷದ ಮುನ್ನೂರ ಅರವತ್ತೈದು ದಿನವೂ ಯಾವ ಬಾಯ್ಲರೂ ಹಾಗೆ ನಡೆಯುವುದಿಲ್ಲ. ಅವರು ಬಾಯ್ಲರನ್ನು ನೋಡಿ ಬರೆಯುತ್ತಿರಲಿಲ್ಲ, ನನ್ನನ್ನು ನೆನೆದು ಬರೆಯುತ್ತಿದ್ದರು.

ಈಗ ನಲವತ್ತೆರಡು ವರ್ಷದ ಹಿಂದಿನ ಮಾತು. ದೊಡ್ಡಾಸ್ಪತ್ರೆಯ ಲಾಂಡ್ರಿಯ ಬಾಯ್ಲರ್ ನಿಂತುಹೋಗಿದೆ, ಮತ್ತೆ ಹೊತ್ತಿಸುವ ಮೊದಲು ಪರಿಶೀಲಿಸಬೇಕು ಎಂದು ನಿಂತ ಮೂರನೆಯ ದಿನ ಕರೆ ಬಂತು. ಹೋದೆ. ಮೇಲ್ವಿಚಾರಕರು ಕೈ ಹೊಸೆಯುತ್ತಾ, "ಪಂಪ್ ಕೈಕೊಟ್ಟುಬಿಡ್ತು ಸಾರ್" ಎಂದರು. ನಾನು ಲಾಗ್ ಬುಕ್ಕು ತೆರೆದೆ. ಹತ್ತು ಗಂಟೆ ಐವತ್ತು ನಿಮಿಷದ ಎದುರಿಗೆ, ಗುಂಡಗಿನ ಅಕ್ಷರದಲ್ಲಿ, "ಗಾಜಿನಲ್ಲಿ ನೀರು ಕಾಣಲಿಲ್ಲ. ಪಂಪು ಚೆನ್ನಾಗಿದೆ. ನಾನು ಅಲ್ಲಿರಲಿಲ್ಲ" ಎಂದು ಬರೆದಿತ್ತು. ತಾನು ಎಲ್ಲಿದ್ದೆನೆಂಬುದನ್ನೂ ಆ ಮನುಷ್ಯ ಬರೆದಿದ್ದ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಬಾಯ್ಲರ್ ಮನೆಯ ಮೂಲೆಯಲ್ಲಿ, ಕಲ್ಲಿದ್ದಲ ರಾಶಿಯ ಪಕ್ಕ, ಇಪ್ಪತ್ತೊಂಬತ್ತು ವರ್ಷದ ಒಬ್ಬ ತೆಳ್ಳಗಿನ ಯುವಕ ಕೈ ಕಟ್ಟಿ ನಿಂತಿದ್ದ. ಮೈಯೆಲ್ಲಾ ಮಸಿ, ಹಲ್ಲು ಮಾತ್ರ ಬಿಳಿ. ಆತನೇ ಹಬೆಯಪ್ಪ. ಮನೆಯವರು ಇಟ್ಟ ಹೆಸರು ಬೇರೆ. ಆಸ್ಪತ್ರೆಯಲ್ಲಿ ಅದನ್ನು ಬಲ್ಲವರು ಸಂಬಳದ ಗುಮಾಸ್ತರೊಬ್ಬರೇ.

"ಇದನ್ನ ಬರೆದದ್ದು ನೀವೇನಾ?" ಎಂದು ಕೇಳಿದೆ.

"ಹೌದು ಸಾರ್."

"ಇಷ್ಟರ ಮೇಲೇ ನಿಮ್ಮ ಸರ್ಟಿಫಿಕೇಟ್ ರದ್ದು ಮಾಡಬಹುದು. ಗೊತ್ತಿದೆಯಾ?"

"ಗೊತ್ತು ಸಾರ್."

"ನಿಮ್ಮ ಸೂಪರ್‌ವೈಸರ್ ಪಂಪ್ ಕೆಟ್ಟಿತ್ತು ಅಂತಾರೆ."

"ಅವರು ಒಳ್ಳೆಯವರು ಸಾರ್. ಪಂಪು ಅವರಿಗಿಂತ ಒಳ್ಳೇದು. ಸುಮ್ಮನೆ ಅದರ ಮೇಲೆ ಯಾಕೆ ಅಪವಾದ?"

ಮೇಲ್ವಿಚಾರಕರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ನಾನು ಕೇಳಿದೆ: "ನಿಮಗೆ ಹೆದರಿಕೆ ಆಗಲಿಲ್ವಾ?"

"ಆಗ್ಲಿಲ್ಲ ಅಂದ್ರೆ ಅದೂ ಸುಳ್ಳಾಗತ್ತೆ. ನಿಮ್ಮ ಜೀಪಿನ ಸದ್ದು ಕೇಳಿದ್ರೆ ಸೇಫ್ಟಿ ವಾಲ್ವೂ ಬಾಯಿ ಮುಚ್ಕೊಳತ್ತೆ ಅಂತಾರೆ ಇಲ್ಲಿ. ಗಾಜಲ್ಲಿ ನೀರಿಲ್ಲ ಅಂತ ಕಂಡಾಗ ಕೈ ತಾನಾಗೇ ಪಂಪಿನ ಹತ್ರ ಹೋಯ್ತು ಸಾರ್. ಹೆದರಿಕೇನೇ ಕೈ ಹಿಡ್ಕೊಂಡು ಕರ್ಕೊಂಡು ಹೋಯ್ತು. ಯಾರಿಗೂ ಗೊತ್ತಾಗೋದ್ರೊಳಗೆ ತುಂಬಿಸ್ಬಿಡು ಅಂತ. ಅಷ್ಟರಲ್ಲಿ ಪಕ್ಕದ ಇಸ್ತ್ರಿ ಕೋಣೇಲಿ ಹದಿನಾಲ್ಕು ಜನ ಹೆಂಗಸರು ಏನೋ ಮಾತಿಗೆ ನಕ್ಕಿದ್ದು ಕೇಳಿಸ್ತು. ಕೈ ವಾಪಸ್ ಬಂತು."

ಪಂಪು ಮುಟ್ಟದೆ ಆತ ಬೆಂಕಿಯ ಮೇಲೆ ಒದ್ದೆ ಬೂದಿ ಮುಚ್ಚಿ, ಗಾಳಿಯ ಬಾಗಿಲು ಹಾಕಿ, ಇಸ್ತ್ರಿ ಕೋಣೆಗೆ ಓಡಿ ಹದಿನಾಲ್ಕು ಜನರನ್ನೂ ಬೀದಿಗೆ ಕಳಿಸಿದ್ದ. ನಾನು ಹಂಡೆಯೊಳಗೆ ತೆವಳಿಹೋಗಿ ಒಂದೊಂದು ತಗಡನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ. ಯಾವುದಕ್ಕೂ ಹಾನಿಯಾಗಿರಲಿಲ್ಲ. ಇನ್ನು ಐದು ನಿಮಿಷ ಕಳೆದಿದ್ದರೆ, ಅಥವಾ ಒಂದೇ ಒಂದು ಬಾರಿ ಪಂಪು ತಿರುಗಿದ್ದರೆ, ನಾನು ಅಲ್ಲಿ ತಗಡು ತಟ್ಟುವ ಪ್ರಮೇಯವೇ ಇರುತ್ತಿರಲಿಲ್ಲ. ಆತನಿಗೆ ಲಿಖಿತ ಎಚ್ಚರಿಕೆ ಕೊಟ್ಟೆ, ಏಕೆಂದರೆ ಗಾಜು ಬಿಟ್ಟು ಹೋದದ್ದು ತಪ್ಪೇ. ಸರ್ಟಿಫಿಕೇಟನ್ನು ಮುಟ್ಟಲಿಲ್ಲ. ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿದೆ. ಆ ಬರಹವನ್ನು ಅಕ್ಷರ ಬಿಡದೆ ನನ್ನ ಡೈರಿಗೆ ಇಳಿಸಿಕೊಂಡೆ. ಅಲ್ಲಿಯವರೆಗಿನ ನನ್ನ ಸೇವೆಯಲ್ಲಿ ನಾನು ಓದಿದ ಮೊದಲ ಸತ್ಯವಾದ ಲಾಗ್ ಬುಕ್ಕು ಅದು. ಮಿಕ್ಕವುಗಳಲ್ಲಿ ಸುಳ್ಳನ್ನು ಬರೆಸುತ್ತಿದ್ದವನು ನಾನೇ ಎಂಬ ಅರಿವು ಅಂದು ಜೀಪಿನಲ್ಲಿ ಹಿಂದಿರುಗುವಾಗ ಮೊದಲ ಬಾರಿಗೆ ಮೂಡಿತು. ಅದು ಹಿತವಾದ ಅರಿವಾಗಿರಲಿಲ್ಲ.

ಆ ಭಾನುವಾರ ಆರಾಧನೆಯಲ್ಲಿ ನೋಡುತ್ತೇನೆ, ಹಿಂದಿನ ಬೆಂಚಿನ ತುದಿಯಲ್ಲಿ ಅದೇ ಬಿಳಿಯ ಹಲ್ಲು. ಆತ ನಮ್ಮ ಸಭೆಯವನೇ ಎಂಬುದು ನನಗೆ ತಿಳಿದಿರಲಿಲ್ಲ, ಏಕೆಂದರೆ ಪಾಳಿಯ ಕೆಲಸದಿಂದಾಗಿ ಆತ ನಾಲ್ಕು ಭಾನುವಾರಗಳಲ್ಲಿ ಎರಡು ತಪ್ಪಿಸುತ್ತಿದ್ದ. ಬಂದ ದಿನ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದ. ಇಂದಿಗೂ ಹಾಡುತ್ತಾರೆ. ಇಂದಿಗೂ ಅಪಸ್ವರವೇ.

ಮರುವರ್ಷ ಅವರಿಗೆ ಮದುವೆಯಾಯಿತು. ಹೆಂಡತಿ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು; ಸಭೆಯಲ್ಲಿ ಎಲ್ಲರಿಗೂ "ಇಸ್ತ್ರಿ ಅಕ್ಕ". ನಾನು ಮದುವೆಯ ಊಟಕ್ಕೆ ಹೋಗಿದ್ದೆ. ಅವರಿಗೆ ಒಬ್ಬಳೇ ಮಗಳು. ಈಗ ಮೂವತ್ತಾರು ವರ್ಷ, ಬಸ್ಸಿನ ಕಂಡಕ್ಟರ್, ಮನೆಯಲ್ಲಿಯೂ ಜನರನ್ನು "ಸ್ವಲ್ಪ ಒಳಗೆ ಸರೀರಿ" ಎಂದೇ ಮಾತಾಡಿಸುವವಳು.

ಇಸ್ತ್ರಿ ಅಕ್ಕ ಗಂಡನಂತಲ್ಲ. ನಲವತ್ತು ವರ್ಷದಲ್ಲಿ ಅವರು ಒಂದೇ ಒಂದು ಭಾನುವಾರವನ್ನೂ ತಪ್ಪಿಸಿದ್ದನ್ನು ನಾನು ಕಾಣೆ. ಜ್ವರವಿದ್ದರೂ ಬರುತ್ತಿದ್ದರು. ಮೊಣಕಾಲೂರಿದರೆ ಏಳುವುದೇ ಇಲ್ಲ. ನಾನು ಅದನ್ನು ದೊಡ್ಡ ಭಕ್ತಿಯೆಂದು ತಿಳಿದು, ನನ್ನ ಮನೆಯವರ ಮುಂದೆ ಉದಾಹರಣೆಯಾಗಿ ಹೇಳುತ್ತಿದ್ದೆ. ಅಂತಹ ಹಾಜರಾತಿಯ ಅರ್ಥವೇನೆಂದು ಎಲ್ಲರಿಗಿಂತ ಮೊದಲು ನನಗೆ ಹೊಳೆಯಬೇಕಿತ್ತು. ನೀರು ಅರ್ಧ ಗಾಜು, ಒತ್ತಡ ಏಳು.

ಕಳೆದ ವರ್ಷ ಇಸ್ತ್ರಿ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರಲಾರಂಭಿಸಿತು. ಪರೀಕ್ಷೆ ಮಾಡಿದ ವೈದ್ಯೆ, ಹೃದಯದ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ ಎಂದರು. ಹಬೆಯಪ್ಪನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರಂತೆ.

"ವಾಲ್ವಿನ ಸೀಟು ಉಜ್ಜಿ ಮತ್ತೆ ಕೂರಿಸಕ್ಕಾಗಲ್ವಾ ಡಾಕ್ಟ್ರೇ?"

"ನೀವೇನು ಕೆಲಸ ಮಾಡ್ತಿದ್ರಿ?" ಎಂದು ಆಕೆ ನಕ್ಕು ಕೇಳಿದರಂತೆ. "ಆಗ್ತಿತ್ತು, ಐದು ವರ್ಷ ಮುಂಚೆ ಬಂದಿದ್ರೆ. ಈಗ ಪೂರ್ತಿ ಸವೆದಿದೆ. ಬದಲಾಯಿಸ್ಲೇಬೇಕು. ತಡ ಮಾಡಿದ್ರೆ ಆರು ತಿಂಗಳು ಅಂತ ಇಟ್ಕೊಳ್ಳಿ."

ಒಂದು ಮಂಗಳವಾರ ಆಪರೇಷನ್ ಎಂದು ಗೊತ್ತಾಯಿತು. ಇಸ್ತ್ರಿ ಅಕ್ಕ ಒಪ್ಪಿದ್ದರು. ಆದರೆ ಅದರ ಹಿಂದಿನ ವಾರ ನಮ್ಮ ಸಭೆಯಲ್ಲಿ ಮೂರು ದಿನದ ವಿಶೇಷ ಕೂಟಗಳು ನಡೆದವು. ಹೊರಗಿನಿಂದ ಒಬ್ಬ ಬೋಧಕರನ್ನು ಕರೆಸಿದ್ದರು. ಕೊನೆಯ ದಿನ, ಅಂದರೆ ಶುಕ್ರವಾರ, ಅವರು ಪೀಠವನ್ನು ಗುದ್ದಿ ಹೀಗೆ ಹೇಳಿದರು: "ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹಳೆಯ ಬಾಯ್ಲರ್ ಮನೆ ಇದೆಯಲ್ಲ, ಹೋಗಿ ನೋಡಿ. ಅದರ ಒಲೆಯ ಬಾಗಿಲು ತೆರೆದು ನಿಲ್ಲಿ. ದೇವರಿಗೆ ಕೊಟ್ಟ ಮಾತು ತಪ್ಪಿದವರಿಗೆ ಕಾದಿರುವ ಬೆಂಕಿಯಲ್ಲಿ ಅದು ಒಂದು ಚಮಚ."

ಈ ಮಾತಿನಲ್ಲಿರುವ ವಾಸ್ತವಾಂಶದ ದೋಷಗಳನ್ನು ನಾನು ಸಭಾಪಾಲಕರಿಗೆ ಅದೇ ಸಂಜೆ ಬರೆದು ಕೊಟ್ಟೆ. ಒಂದು, ಆ ಬಾಯ್ಲರ್ ಆರಿ ಹನ್ನೊಂದು ವರ್ಷವಾಯಿತು. ಒಲೆಯೊಳಗೆ ಈಗ ಪಾರಿವಾಳಗಳಿವೆ. ಎರಡು, ಬೋಧಕರು ಯಾವ ಬಾಯ್ಲರ್ ಮನೆಯನ್ನೂ ಹೊಕ್ಕವರಲ್ಲ. ಮೂರು, ಇದು ಮುಖ್ಯವಾದದ್ದು, ಆ ಬೆಂಕಿಯನ್ನು ಯಾರೂ ಯಾರನ್ನೂ ದಂಡಿಸಲು ಹೊತ್ತಿಸಿರಲಿಲ್ಲ. ಅದು ಮೂವತ್ತಾರು ವರ್ಷ ಬಾಣಂತಿಯರ ಹಾಸುಬಟ್ಟೆ ಒಗೆದಿತ್ತು, ಗಾಯದ ಬಟ್ಟೆಗಳ ನಂಜು ಕಳೆದಿತ್ತು. ಆಸ್ಪತ್ರೆಗೆ ಬಂದ ಅತ್ಯಂತ ಬಡವನೂ ಬೆಚ್ಚಗಿನ, ಸ್ವಚ್ಛವಾದ ಚಾದರದ ಮೇಲೆ ಮಲಗಿದ್ದರೆ ಅದು ಆ ಒಲೆಯ ದಯೆ. ಅದನ್ನು ನರಕಕ್ಕೆ ಹೋಲಿಸುವುದು ಅನ್ನದ ಪಾತ್ರೆಯನ್ನು ವಿಷದ ಬಟ್ಟಲೆಂದಂತೆ. ಸಭಾಪಾಲಕರು ಪತ್ರವನ್ನು ಮಡಚಿ ಜೇಬಿಗಿಟ್ಟು, "ಉಪಮೆ ಅಲ್ವಾ, ಬಿಡಿ" ಎಂದರು.

ಬಿಡುವ ಮಾತಾಗಿರಲಿಲ್ಲ ಅದು. ಶನಿವಾರ ಬೆಳಿಗ್ಗೆ ಇಸ್ತ್ರಿ ಅಕ್ಕ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದರು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಹಬೆಯಪ್ಪನವರು ನನ್ನ ಬಳಿ ಬಂದರು. ಅವರ ಮುಖದಲ್ಲಿ ಆ ದಿನ ಹಲ್ಲು ಕಾಣಿಸಲಿಲ್ಲ.

"ಸಾರ್, ಒಂದು ಸಲ ಮನೆಗೆ ಬನ್ನಿ. ನಾನು ಹೇಳಿದ್ರೆ ಗಂಡನ ಮಾತು, ಮಗಳು ಹೇಳಿದ್ರೆ ಬಸ್ಸಿನ ಮಾತು. ನೀವು ಸುಳ್ಳು ಹೇಳಲ್ಲ ಅಂತ ಅವಳಿಗೆ ನಂಬಿಕೆ."

ಎರಡು ಕೋಣೆಯ ಮನೆ. ಕಿಟಕಿಯ ಬಳಿಯ ಮಂಚದ ಮೇಲೆ ಇಸ್ತ್ರಿ ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆಯ ಅಂಚನ್ನು ಬೆರಳಿನಿಂದ ನೇವರಿಸಿ ಸುಕ್ಕು ತೆಗೆಯುತ್ತಿದ್ದರು. ಆ ಕೈಗಳಿಗೆ ಸುಕ್ಕು ಕಂಡರೆ ಸಹಿಸುವುದಿಲ್ಲ. ಮಗಳು ಸಮವಸ್ತ್ರದಲ್ಲಿಯೇ ಬಾಗಿಲ ಬಳಿ ನಿಂತಿದ್ದಳು. ನಾನು ಪೀಠಿಕೆಯಿಲ್ಲದೆ ಕೇಳಿದೆ: "ಏನಮ್ಮಾ, ಯಾಕೆ ಬೇಡ?"

"ಅರಿವಳಿಕೆ ಕೊಡ್ತಾರಂತೆ ಸಾಹೇಬ್ರೇ. ಅದರಲ್ಲೇ ಹೋಗ್ಬಿಟ್ರೆ ನೇರ ಅವನ ಮುಂದೆ ನಿಲ್ಬೇಕಲ್ಲ."

"ನಿಂತರೆ ಏನಾಯ್ತು? ನೀವು ಯಾರ ತಂಟೆಗೂ ಹೋದವರಲ್ಲ."

ಆಕೆ ಗೋಡೆಯ ಕಡೆ ನೋಡುತ್ತಾ ಹೇಳಿದರು. ಮಗಳಿಗೆ ಮೂರು ವರ್ಷವಿದ್ದಾಗ ಗಂಟಲಿನ ಬೇನೆ ಬಂದು ಉಸಿರು ಕಟ್ಟಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಆಕೆ ಒಂದು ಹರಕೆ ಹೊತ್ತಿದ್ದರು: ಮಗು ಉಳಿದರೆ ಅವಳಿಗೆ ಮದುವೆ ಮಾಡದೆ, ಸಂಸಾರಕ್ಕೆ ಬಿಡದೆ, ಪೂರ್ತಿಯಾಗಿ ದೇವರ ಸೇವೆಗೆ ಒಪ್ಪಿಸುತ್ತೇನೆ ಎಂದು. ಮಗು ಉಳಿಯಿತು. ಬೆಳೆಯಿತು. ಮದುವೆಯಾಯಿತು, ಬಸ್ಸು ಹತ್ತಿತು. ತಾಯಿ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಮೂವತ್ತಮೂರು ವರ್ಷ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಭಾನುವಾರದಿಂದ ಭಾನುವಾರಕ್ಕೆ ನಡೆದಿದ್ದರು.

"ಪ್ರತಿ ವಾರ ಹೋಗಿ ಮುಖ ತೋರಿಸಿ ಬರ್ತಿದ್ದೆ ಸಾಹೇಬ್ರೇ, ನೆನಪು ಮಾಡ್ಕೋಬೇಡಪ್ಪ ಅಂತ. ಶುಕ್ರವಾರ ಆ ಬೋಧಕರು ಮಾತು ತಪ್ಪಿದವರು ಅಂದಾಗ ನನ್ನೇ ನೋಡಿದ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎನ್ನುವುದು ಇದಕ್ಕೇ. ಆ ಬೋಧಕರಿಗೆ ಮೆಳ್ಳಗಣ್ಣು. ಅವರು ಯಾರನ್ನು ನೋಡುತ್ತಿದ್ದರೆಂದು ಅವರಿಗೇ ಗೊತ್ತಿರಲಾರದು.

ಮೊದಲು ಮಾತಾಡಿದವಳು ಮಗಳು. "ಅಮ್ಮ, ನನ್ನನ್ನ ಒಂದು ಮಾತು ಕೇಳ್ದೆ ನನ್ನ ಟಿಕೆಟ್ ಹರಿದುಬಿಟ್ಟಿದ್ಯಾ?"

"ನಿನಗೆ ಮೂರು ವರ್ಷ ಕಣೇ."

"ಮೂರು ವರ್ಷದವರಿಗೆ ಟಿಕೆಟ್ಟೇ ಇಲ್ಲಮ್ಮ. ಫ್ರೀ."

ಇಸ್ತ್ರಿ ಅಕ್ಕನ ತುಟಿ ಕೊಂಚ ಅಲುಗಿತು, ಮತ್ತೆ ಬಿಗಿಯಿತು. ನನ್ನ ಕಡೆ ತಿರುಗಿ, "ನೀವು ಹೇಳಿ ಸಾಹೇಬ್ರೇ. ಸುಳ್ಳು ಸಮಾಧಾನ ಬೇಡ. ಇಂಥವಳನ್ನ ಅವನು ಬಿಡ್ತಾನಾ?" ಎಂದರು.

ನಾನು ಸಂಕಟಕ್ಕೆ ಸಿಕ್ಕಿಕೊಂಡೆ. ನಿಜ ಹೇಳಬೇಕೆಂದರೆ, ಅಂದಿನವರೆಗೂ ನನ್ನ ಮನಸ್ಸಿನ ದೇವರು ನನಗಿಂತ ಕೆಲವು ದರ್ಜೆ ಮೇಲಿನ ಒಬ್ಬ ಇನ್ಸ್‌ಪೆಕ್ಟರ್ ಆಗಿದ್ದ. ಆತನ ಬಳಿಯೂ ಕೆಂಪು ಶಾಯಿಯಿರುವುದೆಂದು ನಾನು ಎಂಬತ್ತು ವರ್ಷ ನಂಬಿಕೊಂಡು ಬಂದಿದ್ದೆ. ನಾನು ಹೇಳಿದೆ: "ಆ ಇಲಾಖೆಯ ನಿಯಮ ನನಗೆ ಗೊತ್ತಿಲ್ಲಮ್ಮ. ನನಗೆ ಗೊತ್ತಿರೋದು ನನ್ನ ಇಲಾಖೆಯದು ಮಾತ್ರ. ಹತ್ತು ನಿಮಿಷ ಇರಿ, ಬರ್ತೀನಿ."

ನನ್ನ ಮನೆ ಎರಡು ಬೀದಿಯಾಚೆ. ಡೈರಿಗಳು ವರ್ಷವಾರು ಜೋಡಿಸಿರುವುದರಿಂದ ಹುಡುಕುವ ಕಷ್ಟವಾಗಲಿಲ್ಲ. ನಲವತ್ತೆರಡು ವರ್ಷದ ಹಿಂದಿನ ಡೈರಿಯೊಂದಿಗೆ ಹಿಂದಿರುಗಿ, ಕನ್ನಡಕ ಹಾಕಿಕೊಂಡು, ಇದ್ದುದನ್ನು ಇದ್ದಂತೆ ಓದಿದೆ:

"ಹತ್ತು ಐವತ್ತು. ಗಾಜಿನಲ್ಲಿ ನೀರು ಕಾಣಲಿಲ್ಲ. ಪಂಪು ಚೆನ್ನಾಗಿದೆ. ನಾನು ಅಲ್ಲಿರಲಿಲ್ಲ. ಇಸ್ತ್ರಿ ಕೋಣೆಯ ಕಿಟಕಿಯ ಹತ್ತಿರ ಮೂರನೇ ಮೇಜಿನವರ ಜೊತೆ ಮಾತಾಡುತ್ತಾ ನಿಂತಿದ್ದೆ. ಪಂಪು ಮುಟ್ಟಲಿಲ್ಲ. ಬೆಂಕಿ ಮುಚ್ಚಿದೆ. ಎಲ್ಲರನ್ನೂ ಹೊರಗೆ ಕಳಿಸಿದೆ. ತಪ್ಪು ನನ್ನದು. ಮೂರನೇ ಮೇಜಿನವರದಲ್ಲ."

ಹೊದಿಕೆ ನೇವರಿಸುತ್ತಿದ್ದ ಬೆರಳು ನಿಂತಿತು. ಮೂರನೇ ಮೇಜಿನಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದವರು ಯಾರೆಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

"ರೀ, ಇದನ್ನೂ ಬರೆದಿದ್ರಾ?" ಎಂದು ಆಕೆ ಗಂಡನನ್ನು ಕೇಳಿದರು. "ಪಂಪು ಕೆಟ್ಟಿತ್ತು ಅಂತ ಎಲ್ಲರೂ ಅಂದ್ರಲ್ಲ. ನೀವು ನನಗೋಸ್ಕರ ಮುಚ್ಚಿಟ್ರಿ ಅಂತ ನಾನು ಅಂದ್ಕೊಂಡಿದ್ದೆ."

"ಮುಚ್ಚಿಡಕ್ಕೆ ಏನಿತ್ತು? ಕಿಟಕಿ ತೆಗೆದೇ ಇತ್ತಲ್ಲ."

"ಮಾನ ಮರ್ಯಾದೆ ಇಲ್ವಾ ನಿಮಗೆ? ಸರ್ಕಾರದ ಪುಸ್ತಕದಲ್ಲಿ..." ಎನ್ನುತ್ತಾ ನನ್ನ ಕಡೆ ತಿರುಗಿದರು. "ಅಂದ್ರೆ ನಿಮಗೆ ಅವತ್ತಿಂದ ಗೊತ್ತಾ ಸಾಹೇಬ್ರೇ?"

"ಮೂರನೇ ದಿನದಿಂದ."

"ನಮ್ಮ ಮದುವೇಲಿ ಊಟ ಮಾಡುವಾಗ?"

"ಆಗಲೂ ಗೊತ್ತಿತ್ತು."

"ಇಷ್ಟು ವರ್ಷ ಎದುರಿಗೆ ಸಿಕ್ಕಾಗೆಲ್ಲ ಚೆನ್ನಾಗಿದ್ದೀರಾ ಅಮ್ಮಾ ಅಂತ ಕೇಳುವಾಗ?"

"ಆಗಲೂ."

"ಮತ್ತೆ ಏನೂ ಮಾಡ್ಲಿಲ್ಲ ನೀವು?"

"ನೋಡಿದೆ ಅಂತ ಬರೆದೆ. ನೋಡಿ ಆದ ಮೇಲೆ ಮತ್ತೆ ಮಾಡಕ್ಕೆ ಏನಿರತ್ತೆ?"

ಹಬೆಯಪ್ಪನವರು ಮಂಚದ ಅಂಚಿನಲ್ಲಿ ಕೂತರು. ಹೆಂಡತಿಯ ಕೈ ಹಿಡಿಯಲಿಲ್ಲ. ನನ್ನಂಥವರ ಎದುರಿಗೆ ಹಿಡಿಯುವ ವಯಸ್ಸಿನವರಲ್ಲ ಅವರು. ಹೊದಿಕೆಯ ಇನ್ನೊಂದು ಅಂಚನ್ನು ಹಿಡಿದುಕೊಂಡರು.

"ಇಲ್ ನೋಡು. ಮಗು ಉಸಿರು ಕಟ್ಟಿದಾಗ ನಿನಗೆ ಗಾಜಲ್ಲಿ ನೀರು ಕಾಣ್ಲಿಲ್ಲ. ಹೆದರಿದೆ. ಕೈಗೆ ಸಿಕ್ಕ ಪಂಪು ಹಾಕ್ದೆ. ಆ ಹರಕೆ ಅಂದ್ರೆ ಅಷ್ಟೇ. ದೇವರಿಗೆ ಪಂಪು ಯಾವುದು, ಪ್ರೀತಿ ಯಾವುದು ಅಂತ ಗೊತ್ತಾಗಲ್ವಾ? ಈ ಕೆಂಪು ಶಾಯಿಯವರಿಗೇ ಗೊತ್ತಾಗಿದೆ."

ನನ್ನ ಅಡ್ಡಹೆಸರು ನನ್ನ ಎದುರಿನಲ್ಲೇ ಉಚ್ಚರಿಸಲ್ಪಟ್ಟದ್ದು ಅದೇ ಮೊದಲು. ಹಬೆಯಪ್ಪನವರು ನಾಲಗೆ ಕಚ್ಚಿಕೊಂಡರು. ಮಗಳು ಬಾಗಿಲ ಕಡೆ ತಿರುಗಿ ಹೆಗಲು ಕುಣಿಸಿ ನಗುತ್ತಿದ್ದಳು. ಇಸ್ತ್ರಿ ಅಕ್ಕ ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದೂ ಸಾಲದೆ ನಕ್ಕರು. ಏದುಸಿರು ಬರುವಷ್ಟು ನಕ್ಕು, ಕಣ್ಣು ಒರೆಸಿಕೊಂಡರು. ಆ ಕಣ್ಣೀರಿನಲ್ಲಿ ನಗುವಿನದೆಷ್ಟು, ಮೂವತ್ತಮೂರು ವರ್ಷದ್ದೆಷ್ಟು ಎಂದು ಅಳೆಯುವ ಉಪಕರಣ ನನ್ನ ಬಳಿಯಿರಲಿಲ್ಲ.

"ಹಾಗಾದ್ರೆ ಅವನೂ ಅವತ್ತೇ ನೋಡಿದ್ದಾನೆ" ಎಂದರು, ನಮ್ಮಲ್ಲಿ ಯಾರಿಗೂ ಹೇಳುತ್ತಿಲ್ಲವೆಂಬಂತೆ. "ನೋಡಿಯೂ ಇವಳನ್ನ ಬೆಳೆಸಿದ್ದಾನೆ. ನಾನು ಹೋಗಿ ಹೋಗಿ ಮುಖ ತೋರಿಸಿದ್ದೇ ದಂಡ."

"ದಂಡ ಯಾಕಮ್ಮ, ಪಾಸು ತಗೊಂಡು ಓಡಾಡ್ದೆ ಅಂತ ಅಂದ್ಕೋ" ಎಂದಳು ಮಗಳು.

ಇಸ್ತ್ರಿ ಅಕ್ಕ ಕಾಗದ ತರಿಸಿ ಸಹಿ ಮಾಡಿದರು. ಸಹಿ ಸೊಟ್ಟಗಾಯಿತೆಂದು ಇನ್ನೊಂದು ಪ್ರತಿ ಕೇಳಿದರು, ಇಲ್ಲವೆಂದೆವು.

ಮಂಗಳವಾರ ನಾನೂ ಆಸ್ಪತ್ರೆಗೆ ಹೋದೆ. ಮೊಗಸಾಲೆಯ ಬೆಂಚಿನಲ್ಲಿ ಹಬೆಯಪ್ಪನವರು ಮಡಿಲಲ್ಲಿ ಒಂದು ನೋಟ್ ಬುಕ್ ಇಟ್ಟುಕೊಂಡು ಗೋಡೆಯ ಗಡಿಯಾರವನ್ನು, ತಾವು ಹಿಂದೆ ಗಾಜಿನ ಕೊಳವೆಯನ್ನು ನೋಡುತ್ತಿದ್ದ ರೀತಿಯಲ್ಲೇ ನೋಡುತ್ತಿದ್ದರು. ಮಧ್ಯಾಹ್ನ ಅದನ್ನು ನನಗೆ ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟು: "ಒಂಬತ್ತು ಹತ್ತು. ಒಳಗೆ ಕರೆದುಕೊಂಡು ಹೋದರು. ಹತ್ತು. ಹೆದರಿದೆ. ಹನ್ನೊಂದು. ಹೆದರಿದೆ. ಹನ್ನೆರಡು. ಬಹಳ ಹೆದರಿದೆ. ಪಂಪು ಮುಟ್ಟಲಿಲ್ಲ. ಒಂದು ಇಪ್ಪತ್ತು. ಡಾಕ್ಟರು ಹೊರಗೆ ಬಂದು ನಕ್ಕರು. ವಾಲ್ವ್ ಬದಲಾಯಿಸಲಾಗಿದೆ. ಸೋರಿಕೆ ಇಲ್ಲ."

ಪಂಪು ಮುಟ್ಟಲಿಲ್ಲ ಎಂದರೇನೆಂದು ನಾನು ಕೇಳಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷ ಆ ಮನುಷ್ಯ ದೇವರೊಡನೆ ಯಾವ ಚೌಕಾಶಿಯನ್ನೂ ಮಾಡದೆ, ಹೆದರಿದ್ದನ್ನು ಹೆದರಿದೆನೆಂದೇ ಒಪ್ಪಿಕೊಂಡು, ತಂದೆಯ ಮನೆಯ ಜಗುಲಿಯಲ್ಲಿ ಕೂತಂತೆ ಕೂತಿದ್ದರು. ಜೇಬಿನಲ್ಲಿ ಪೆನ್ನಿತ್ತು. ಕೆಳಗೆ "ನೋಡಿದೆ" ಎಂದು ಬರೆದು ಸಹಿ ಹಾಕಿದೆ. ಶಾಯಿ ನೀಲಿಯದು; ಕೆಂಪು ಶಾಯಿಯ ಪೆನ್ನನ್ನು ನಾನು ಮನೆಯಲ್ಲಿಯೇ ಬಿಟ್ಟಿದ್ದೆ.

ಹನ್ನೊಂದನೆಯ ದಿನ ಇಸ್ತ್ರಿ ಅಕ್ಕ ಮನೆಗೆ ಬಂದರು. ಈಗ ಎರಡು ಮಹಡಿ ಹತ್ತುತ್ತಾರೆ. ಮೊನ್ನೆ ಒಂದು ಭಾನುವಾರ ಆರಾಧನೆಗೆ ಬರಲಿಲ್ಲ. ಗಾಬರಿಯಿಂದ ವಿಚಾರಿಸಿದೆ. ನಿದ್ದೆ ಬಂದಿತ್ತಂತೆ, ಮಲಗಿದ್ದರಂತೆ. ಇಂತಹ ವರ್ತಮಾನದಿಂದ ನನಗೆ ಇಷ್ಟು ಸಂತೋಷವಾಗುವುದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಆಧಾರ ಕೇಳುತ್ತಿದ್ದೆ.

ಸಂಚಿಕೆಯ ತಪ್ಪುಗಳ ಪಟ್ಟಿಯನ್ನು ಕಳಿಸುವ ಮುನ್ನ ಅವರ ಮನೆಗೆ ಕೊಂಡೊಯ್ದು ಓದಿದೆ. ಮೊದಲ ನಾಲ್ಕಕ್ಕೆ ಹಬೆಯಪ್ಪನವರು ತಲೆಯಾಡಿಸಿದರು. ಐದನೆಯದಕ್ಕೆ, "ಬಿಡಿ ಸಾರ್, ಅರ್ಧ ಪದಕ್ಕೆ ಅಷ್ಟೊಂದು ಯಾಕೆ? ನಾನೂ ಹೆದರಿದ್ದು ಉಂಟಲ್ಲ. ನೀವೇ ಸಹಿ ಹಾಕಿದ್ದೀರಿ" ಎಂದರು.

"ನೀವು ಹೆದರಿದ್ದು ಹೆಂಡತಿಗೋಸ್ಕರ, ದೇವರಿಗಲ್ಲ" ಎಂದೆ. "ಅಚ್ಚಾಗಿರುವುದು ತಪ್ಪು."

ಇಸ್ತ್ರಿ ಅಕ್ಕ ಒಳಗೆ ಮೇಜಿನ ಮೇಲೆ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಪೆಟ್ಟಿಗೆಯನ್ನು ನಿಲ್ಲಿಸದೆಯೇ ಹೇಳಿದರು: "ತೆಗೀಬೇಡಿ ಸಾಹೇಬ್ರೇ, ಇರ್ಲಿ. ಭಯ ನಂದು, ಭಕ್ತಿ ಇವರದು. ನಲವತ್ತು ವರ್ಷ ಒಂದೇ ಮನೇಲಿತ್ತು. ಈಗ ನನ್ನದು ಮನೆ ಖಾಲಿ ಮಾಡಿದೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಸಿ."

ಆ ಪ್ರಕಾರ ನಾಲ್ಕು ತಿದ್ದುಪಡಿಗಳನ್ನೂ ಒಂದು ಅಡಿಟಿಪ್ಪಣಿಯನ್ನೂ ಸಂಪಾದಕರಿಗೆ ಒಪ್ಪಿಸಿದ್ದೇನೆ.